ಮಣಿಕಟ್ಟಿನ ಮೇಲಿನ ಎರಡು ಗಡಿಯಾರ

ಅಟ್ರಾಕ್ಟಾ ಕೀವ್ನಿ ಹೋದ ಮಂಗಳವಾರ ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ, ಕ್ಲಿನಿಕ್ಕಿನ ತನ್ನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಳು. ಹೃದಯ ನಿಂತಿತು. ಅವಳಿಗೆ ಅರವತ್ತೈದು. ನಿವೃತ್ತಿಗೆ ಮೂರು ತಿಂಗಳಿತ್ತು.

ಊರಿನ ಪತ್ರಿಕೆಯಲ್ಲಿ ‘ಶಾಂತವಾಗಿ ಕಣ್ಣುಮುಚ್ಚಿದರು’ ಎಂದು ಹಾಕಿಸಿದ್ದಾರೆ. ಪಾದ್ರಿಗಳು ಪೀಠದ ಮೇಲೆ ನಿಂತು ‘ಸೌಮ್ಯ ಸ್ವಭಾವದ ನರ್ಸ್’ ಎಂದರು. ಹನ್ನೆರಡನೇ ವಯಸ್ಸಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚ ಸಿಕ್ಕಿದಂದಿನಿಂದ ನಾನು ಅವಳನ್ನು ಬಲ್ಲೆ. ಅವಳು ಸೌಮ್ಯಳಲ್ಲ. ಶಾಂತವಾಗಿಯೂ ಹೋಗಲಿಲ್ಲ. ಸಿಟ್ಟಿನಲ್ಲಿ ಹೋದಳು, ಆ ಸಿಟ್ಟಿಗೆ ಕಾರಣವಿತ್ತು. ಕಾರಣ ಗೊತ್ತಿದ್ದವರೆಲ್ಲ ಮೊನ್ನೆ ಇಗರ್ಜಿಯ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರು ಬರೆಯುವುದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ರಾಸ್ಕಾಮನ್ ಸೀಮೆಯ ನಮ್ಮ ಊರಿನಲ್ಲಿ ಇರುವುದು ಅದೊಂದೇ ಕ್ಲಿನಿಕ್. ಇಪ್ಪತ್ತೆಂಟು ವರ್ಷ ಅಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿದವಳು ಅಟ್ರಾಕ್ಟಾ. ಕೂಸಿಗೆ ಎರಡು ತಿಂಗಳಾದಾಗ ಒಮ್ಮೆ, ನಾಲ್ಕು ತಿಂಗಳಾದಾಗ ಒಮ್ಮೆ ಹಾಕುವ ಲಸಿಕೆಗಳಲ್ಲಿ ಮಿದುಳುಜ್ವರದ್ದೂ ಒಂದು. ಅದನ್ನು ಹಾಕಿದ ದಿನ ಬಹಳ ಕೂಸುಗಳಿಗೆ ಮೈ ಕಾದ ಹಂಚಾಗುತ್ತದೆ. ಹಾಗಾಗಿ ಅವತ್ತು ಜ್ವರ ಬರಲಿ ಎಂದು ಕಾಯುವಂತಿಲ್ಲ. ಸೂಜಿ ಚುಚ್ಚಿದ ಕೂಡಲೇ ಎರಡೂವರೆ ಮಿಲಿ ಪ್ಯಾರಾಸಿಟಮಾಲ್ ಸಿರಪ್ ಕೊಡಬೇಕು, ಆಮೇಲೆ ನಾಲ್ಕರಿಂದ ಆರು ಗಂಟೆ ಬಿಟ್ಟು ಒಂದು ಸಲ, ಮತ್ತೆ ಅಷ್ಟೇ ಬಿಟ್ಟು ಇನ್ನೊಂದು ಸಲ. ಇಷ್ಟೇ. ಆದರೆ ಇಷ್ಟನ್ನು ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲದ ತಾಯಿಗೆ, ಕೂಸು ಕಿರುಚುತ್ತಿರುವಾಗ ಹೇಳಿ ನೋಡಿ.

ಅಟ್ರಾಕ್ಟಾ ಹೇಳುತ್ತಿರಲಿಲ್ಲ, ಮಾಡಿಸುತ್ತಿದ್ದಳು. ಸಿರಪ್ಪಿನ ಬಾಟಲಿಯನ್ನು ಚೀಲದಲ್ಲೇ ತರಬೇಕು. ಅವಳ ಎದುರಿಗೇ, ಸೂಜಿಯಿಲ್ಲದ ಪುಟ್ಟ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದು, ಕೂಸಿನ ಕೆನ್ನೆಯ ಒಳಬದಿಗೆ ಬಿಡಬೇಕು. ಆಮೇಲೆ ತಾಯಿಯ ಅಂಗಿಯ ತೋಳನ್ನು ಹಿಂದಕ್ಕೆ ಸರಿಸಿ, ಮಣಿಕಟ್ಟಿನ ಮೇಲೆ ನೀಲಿ ಪೆನ್ನಿನಿಂದ ಎರಡು ಗಡಿಯಾರ ಬರೆಯುತ್ತಿದ್ದಳು. ಮುಳ್ಳುಗಳ ಸಮೇತ. ಹನ್ನೊಂದಕ್ಕೆ ಸೂಜಿ ಹಾಕಿದ್ದರೆ ಒಂದು ಸಂಜೆ ನಾಲ್ಕರದ್ದು, ಒಂದು ರಾತ್ರಿ ಒಂಬತ್ತರದ್ದು.

“ಗೋಡೆ ಗಡಿಯಾರ ಹಿಂಗ್ ಕಂಡಾಗ ಕೊಡು. ಕೊಟ್ಟಾದ್ಮೇಲೆ ಅಳಿಸ್ಕೋ. ಎರಡೂ ಅಳಿಸಿದ್ಮೇಲೆ ನೀನೂ ಮಲಗು.”

ಚೀಟಿ ಕಳೆದುಹೋಗುತ್ತದೆ, ಕೈ ಕಳೆಯುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ಬೇರೆ ಲಸಿಕೆಗೆಲ್ಲ ಹೀಗೇ ಸಿರಪ್ ಸುರಿಯಲು ಹೋದವರಿಗೆ ಅವಳಿಂದ ಬೈಗುಳವೂ ಸಿಗುತ್ತಿತ್ತು. “ಜ್ವರ ಇಲ್ಲ, ನೋವಿಲ್ಲ, ಯಾಕಮ್ಮಾ ಔಷಧಿ? ಅದೇನ್ ನೆಕ್ಕೋಕೆ ಜಾಮಾ?”

ಹೋದ ಚಳಿಗಾಲದಲ್ಲಿ ಹೊಸ ಬಡಾವಣೆಯ ಒಬ್ಬ ತಾಯಿ ದೂರು ಬರೆದಳು. ದನಕ್ಕೆ ಗುರುತು ಹಾಕಿದ ಹಾಗೆ ತನ್ನ ಮೈಮೇಲೆ ಬರೆದರಂತೆ. ಕ್ಲಿನಿಕ್ಕಿನ ವ್ಯವಸ್ಥಾಪಕ ಹ್ಯಾನ್ರಟಿ ಕೂಡಲೇ ಅಟ್ರಾಕ್ಟಾಳಿಗೆ ಪತ್ರ ಕೊಟ್ಟ. ಒಂದನೆಯದು, ರೋಗಿಗಳ ಅಥವಾ ಪಾಲಕರ ದೇಹದ ಮೇಲೆ ಬರೆಯಕೂಡದು. ಎರಡನೆಯದು, ಮನೆಯಿಂದ ತಂದ ಔಷಧಿಯನ್ನು ಕ್ಲಿನಿಕ್ಕಿನೊಳಗೆ ಕುಡಿಸಕೂಡದು. ಬದಲಿಗೆ ಮಾಹಿತಿ ಪತ್ರ ಕೊಡತಕ್ಕದ್ದು.

“ಅದು ಹದಿನಾಲ್ಕು ಭಾಷೇಲಿದೆ, ಅಟ್ರಾಕ್ಟಾ,” ಎಂದನಂತೆ ಅವನು.

“ಓದೋಕೇ ಬರದವ್ರಿಗೆ ಹದಿನೈದನೇದು ಯಾವ್ದು ಸ್ವಾಮಿ?” ಎಂದಳಂತೆ ಇವಳು.

ಅವನು ನಕ್ಕುಬಿಟ್ಟ. ಈ ಕಾಲದಲ್ಲಿ ಓದಲು ಬಾರದವರು ಯಾರಿದ್ದಾರೆ ಎಂದ. ಅವನ ಆಫೀಸಿನ ಕಿಟಕಿಯಿಂದ ರಸ್ತೆಯಾಚೆ ಕಾಣುತ್ತದೆ, ಟ್ರಾವೆಲರ್ ಎನ್ನುವ ಅಲೆಮಾರಿ ಜನ ತಾವು ವಾಸಿಸುವ ಕ್ಯಾರವಾನ್ ಗಾಡಿಗಳನ್ನು ನಿಲ್ಲಿಸಿಕೊಂಡಿರುವ ಜಾಗ. ನಮ್ಮ ಊರಿನ ಅಂಗಡಿಗಳಲ್ಲಿ ಆ ಹೆಂಗಸರು ಒಳಗೆ ಬಂದರೆ ಯಾರಾದರೊಬ್ಬರು ಹಿಂದೆಯೇ ನಡೆಯುತ್ತಾರೆ. ಅವರ ಮಕ್ಕಳನ್ನು ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸಿ, ಬಣ್ಣದ ಪೆನ್ಸಿಲ್ ಕೊಟ್ಟು, ವರ್ಷ ಕಳೆಸಿದ್ದೂ ನಾವೇ. ನಾನೂ ಅದೇ ಶಾಲೆಯಲ್ಲಿ ಪಾಠ ಮಾಡಿದವಳು. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಪತ್ರ ಬಂದ ನಾಲ್ಕನೇ ದಿನ ಆ ಜಾಗದಿಂದ ವಿನ್ನಿ ಮಾನ್ ಎಂಬ ಹುಡುಗಿ ಚೊಚ್ಚಲ ಮಗು ಫಿಲೋಮಿನಾಳನ್ನು ಎತ್ತಿಕೊಂಡು ಮೊದಲ ಲಸಿಕೆಗೆ ಬಂದಳು. ವಯಸ್ಸು ಇಪ್ಪತ್ತೊಂದು. ಅವತ್ತು ಹ್ಯಾನ್ರಟಿ ಬಾಗಿಲಲ್ಲೇ ನಿಂತಿದ್ದ. ಅಟ್ರಾಕ್ಟಾ ಸೂಜಿ ಹಾಕಿ, ಬಾಯಲ್ಲೂ ಒಮ್ಮೆ ಹೇಳಿ, ಮಾಹಿತಿ ಪತ್ರ ಕೈಗಿತ್ತಳು.

“ಓದ್ಕೋತೀಯ ಅಲ್ವಾ ಮಗಳೇ?”

“ಕನ್ನಡಕ ಮನೇಲಿದೆ ನರ್ಸಮ್ಮ. ಹೋಗಿ ಓದ್ತೀನಿ.”

ಇಪ್ಪತ್ತೊಂದರ ಹುಡುಗಿಗೆ ಎಲ್ಲಿಯ ಕನ್ನಡಕ! ಅಟ್ರಾಕ್ಟಾಳಿಗೆ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಾದಳು. ಹೊರಗೆ ಹನ್ನೊಂದು ಮಕ್ಕಳು ಕಾಯುತ್ತಿದ್ದರು, ಬಾಗಿಲಲ್ಲಿ ಅವನಿದ್ದ, ಮನೆಯಲ್ಲಿ ಯಾರಾದರೂ ಓದಿ ಹೇಳುತ್ತಾರೆ ಎಂದುಕೊಂಡಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಮಾಡಿದ ದೊಡ್ಡ ತಪ್ಪು, ಮೇಲಿನವರು ಹೇಳಿದ ಮಾತು ಕೇಳಿದ್ದು.

ಕ್ಯಾರವಾನಿನಲ್ಲಿ ವಿನ್ನಿಯ ಅತ್ತೆ ಮಗುವಿನ ಹಣೆ ಮುಟ್ಟಿ ನೋಡಿ, “ತಣ್ಣಗಿದೆ ಕೂಸು. ಜ್ವರ ಇಲ್ದೆ ಔಷಧಿ ಹಾಕಿ ಹೊಟ್ಟೆ ಕೆಡಿಸ್ತೀಯಾ?” ಎಂದಳು. ಬಾಟಲಿ ಮುಚ್ಚಳ ತೆರೆಯಲೇ ಇಲ್ಲ. ಸಂಜೆ ಆರಕ್ಕೆ ಜ್ವರ ಮೂವತ್ತೊಂಬತ್ತೂವರೆ ಡಿಗ್ರಿ ಸೆಲ್ಸಿಯಸ್. ಆಸ್ಪತ್ರೆಗೆ ಓಡಿದರು. ಎರಡು ತಿಂಗಳ ಕೂಸಿಗೆ ಅಷ್ಟು ಜ್ವರವಿದ್ದರೆ ವೈದ್ಯರು ಸುಮ್ಮನೆ ಬಿಡುವಂತಿಲ್ಲ. ರಕ್ತ ತೆಗೆದರು, ಬೆನ್ನುಹುರಿಯ ನೀರು ತೆಗೆದರು, ಮೂರು ದಿನ ಇಟ್ಟುಕೊಂಡರು. ಏನೂ ಇರಲಿಲ್ಲ. ಲಸಿಕೆಯ ಜ್ವರ, ಅಷ್ಟೇ.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಔಷಧಿ ಯಾಕೆ ಕೊಡಲಿಲ್ಲ, ಪತ್ರ ಕೊಟ್ಟಿದ್ದರಲ್ಲ ಎಂದು ಕೇಳಿದರು. ವಿನ್ನಿ ನಾಚಿಕೆಯಿಂದ ಬಾಯಿಬಿಡಲಿಲ್ಲ. ಫೈಲಿನಲ್ಲಿ ‘ತಾಯಿಯ ನಿರ್ಲಕ್ಷ್ಯ?’ ಎಂದು ಬರೆದರು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಹಿಡಿದುಕೊಂಡು ಮರುವಾರ ಮಕ್ಕಳ ರಕ್ಷಣಾ ಇಲಾಖೆಯ ಇಬ್ಬರು ಅಧಿಕಾರಿಗಳು ಕ್ಯಾರವಾನಿಗೆ ಬಂದು ಫ್ರಿಜ್ಜಿನ ಬಾಗಿಲು ತೆರೆದು ನೋಡಿದರು. ಹೊಸ ಬಡಾವಣೆಯಲ್ಲಿ ಔಷಧಿ ಮರೆತ ತಾಯಂದಿರು ಎಷ್ಟು ಮಂದಿಯಿಲ್ಲ! ಅವರ ಫ್ರಿಜ್ಜನ್ನು ಯಾರು ತೆರೆದರು?

ಸುದ್ದಿ ತಿಳಿದ ದಿನವೇ ಅಟ್ರಾಕ್ಟಾ ಅಲ್ಲಿಗೆ ಹೋದಳು. ಮಧ್ಯಾಹ್ನವೇ ಹೋದಳು, ಎಲ್ಲರೂ ನೋಡುವ ಹಾಗೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಬನ್ನಿ ನರ್ಸಮ್ಮ, ಫ್ರಿಜ್ ನೋಡೋಕೆ ಬಂದ್ರಾ? ಬೆಣ್ಣೆ ಇದೆ, ಹಾಲಿದೆ. ಎಣಿಸ್ಕೊಂಡು ಹೋಗಿ.”

“ತಪ್ಪು ನಂದು ಅಂತ ಹೇಳೋಕ್ ಬಂದೆ.”

“ನಿಮ್ದಾ? ನಿಮ್ಮೋರು ಯಾವಾಗಿಂದ ತಪ್ಪು ಮಾಡೋಕೆ ಶುರು ಮಾಡಿದ್ರು?”

“ಯಾವಾಗ್ಲೂ ಮಾಡ್ತೀವಿ. ಒಪ್ಕೊಳ್ಳೋದು ಇವತ್ತೇ. ಸ್ವಲ್ಪ ಜರುಗು ತಾಯಿ, ಮಂಡಿ ನೋಯ್ತಿದೆ.”

ಮುದುಕಿ ಜರುಗಿದಳು. ವಿನ್ನಿ ಮಾತ್ರ ಮಗುವನ್ನು ಎದೆಗವಚಿಕೊಂಡು, ಇನ್ನು ಯಾವ ಸೂಜಿಯೂ ಬೇಡ ಎಂದಳು. “ಮತ್ತೆ ಜ್ವರ ಬಂದ್ರೆ ಈ ಸಲ ಮಗೂನೇ ಎತ್ಕೊಂಡು ಹೋಗ್ತಾರೆ, ನರ್ಸಮ್ಮ.”

ಅದು ಉತ್ಪ್ರೇಕ್ಷೆಯಲ್ಲ. ಅವರ ಅಜ್ಜಿಯರ ಕಾಲದಲ್ಲಿ ಸರ್ಕಾರದವರು ಮಕ್ಕಳನ್ನು ಎತ್ತಿಕೊಂಡು ಹೋದದ್ದಿದೆ. ಅಟ್ರಾಕ್ಟಾ ವಾದ ಮಾಡಲಿಲ್ಲ. ಮಿದುಳುಜ್ವರ ಬಂದ ಕೂಸುಗಳನ್ನು ತಾನು ಕಂಡದ್ದನ್ನು ಹೇಳಿದಳು, ಮಧ್ಯಾಹ್ನ ನಗುತ್ತಿದ್ದದ್ದು ಮರುದಿನಕ್ಕೆ ಇರಲಿಲ್ಲ ಎಂದಳು. ವಿನ್ನಿ ಅವಳ ಜೇಬಿನ ನೀಲಿ ಪೆನ್ನು ನೋಡಿ, “ನಮ್ಮ ನಾದಿನಿ ಕೈ ಮೇಲೆ ಗಡಿಯಾರ ಬರ್ಕೊಟ್ಟಿದ್ರಂತೆ. ನಂಗ್ಯಾಕೆ ಇಲ್ಲ?” ಎಂದಳು.

ಅಟ್ರಾಕ್ಟಾ ಹ್ಯಾನ್ರಟಿ ಕೊಟ್ಟ ಪತ್ರದ ಸಂಗತಿ ಹೇಳಿದಳು.

“ಅದ್ನ ಬರೀತೀರಿ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ.”

ಅಟ್ರಾಕ್ಟಾ ಮಾತು ಕೊಟ್ಟು ಬಂದಳು. ಹ್ಯಾನ್ರಟಿಯ ಬಳಿ ಎರಡು ಸಲ ಅನುಮತಿ ಕೇಳಿದಳು. ಇನ್ನೊಮ್ಮೆ ಹಾಗೆ ಮಾಡಿದರೆ ಶಿಸ್ತುಕ್ರಮ, ನಿವೃತ್ತಿಯ ಮುಂಚೆ ಅಮಾನತು ಎಂದು ಎರಡನೇ ಪತ್ರ ಬಂತು. ಆ ಶುಕ್ರವಾರ ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಓದಿ ಹೇಳಿದಳು. ನಾನೇನೆಂದೆ ಗೊತ್ತೇ? “ಮೂರೇ ತಿಂಗಳು ಕಣೇ. ಫೋನಿನಲ್ಲಿ ನೆನಪು ಮಾಡು, ಸಾಕು,” ಎಂದೆ.

“ಫೋನ್ ಹೊಡ್ಕೊಂಡ್ರೆ ಆಫೀಸಿನೋರು ಅಂತ ಆ ಹುಡುಗಿ ನಡುಗ್ತಾಳೆ ಈಗ. ನೀನೂ ಅವ್ನ ಥರಾನೇ ಮಾತಾಡ್ತೀಯಲ್ಲ,” ಎಂದು ಲೋಟ ಕೆಳಗಿಟ್ಟಳು. ಅವತ್ತು ಚಹಾ ಪೂರ್ತಿ ಕುಡಿಯದೆ ಹೋದಳು. ನಾವಿಬ್ಬರು ಆಡಿದ ಕೊನೆಯ ಮಾತು ಅದು.

ಮಂಗಳವಾರದ್ದನ್ನು ನನಗೆ ಹೇಳಿದವಳು ವಿನ್ನಿ. ಹೆಣ ನೋಡಲು ಜನ ಅಟ್ರಾಕ್ಟಾಳ ಮನೆಗೆ ಬಂದ ದಿನ ಅವಳು ಗೇಟಿನ ಹೊರಗೆ ಮಗುವಿನೊಡನೆ ನಿಂತಿದ್ದಳು. ನಾನು ಕರೆತಂದಾಗ ಒಳಗಿದ್ದ ಇಬ್ಬರು ಹೆಂಗಸರು ತಮ್ಮ ಕೈಚೀಲಗಳನ್ನು ಮಡಿಲಿಗೆ ಎಳೆದುಕೊಂಡರು. ಸತ್ತವಳ ಮುಂದೆಯೇ! ವಿನ್ನಿ ಪೆಟ್ಟಿಗೆಯ ಹತ್ತಿರ ಬಾಗಿ, “ಎರಡೂ ಟೈಮಿಗೆ ಕೊಟ್ಟೆ ನರ್ಸಮ್ಮ. ಜ್ವರ ಬರ್ಲೇ ಇಲ್ಲ,” ಎಂದಳು.

ಆ ಮಂಗಳವಾರ ಹನ್ನೊಂದಕ್ಕೆ ವಿನ್ನಿ ನಾಲ್ಕು ತಿಂಗಳ ಲಸಿಕೆಗೆ ಬಂದಾಗ ಅಟ್ರಾಕ್ಟಾ ಬೆವರುತ್ತಿದ್ದಳಂತೆ, ಎಡಗೈ ತಿಕ್ಕಿಕೊಳ್ಳುತ್ತಿದ್ದಳಂತೆ. ಆದರೂ ಸೂಜಿ ಹಾಕಿದಳು. ಬಾಟಲಿ ತೆಗೆಸಿ, ಮೊದಲ ಸಲದ್ದನ್ನು ಅಲ್ಲೇ ಕುಡಿಸಿದಳು. ಪೆನ್ನಿನ ಮುಚ್ಚಳ ತೆಗೆಯುವಾಗ ಹ್ಯಾನ್ರಟಿ ಬಾಗಿಲಲ್ಲಿ ಕಾಣಿಸಿಕೊಂಡ.

“ಅಟ್ರಾಕ್ಟಾ, ಇದರ ಬಗ್ಗೆ ನಾವು ಮಾತಾಡಿದ್ವಿ.”

“ಮಾತಾಡಿದ್ದು ನೀವು. ಬಾಗಿಲು ಹಾಕ್ಕೊಂಡ್ ಹೋಗಿ, ಮಗೂಗೆ ಗಾಳಿ.”

ಅವನು ಹೋದ. ಅವಳು ಎರಡು ಗಡಿಯಾರ ಬರೆದಳು. ವಿನ್ನಿ ಎದ್ದು ಹೊರಡುವಾಗ, ನೀವೂ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದಳಂತೆ. “ಇದೊಂದು ಬರೆದು ಮುಗಿಸ್ತೀನಿ,” ಎಂದು ಅಟ್ರಾಕ್ಟಾ ಮಗುವಿನ ಕಡತವನ್ನು ಎದುರಿಗೆ ಎಳೆದುಕೊಂಡಳು.

ಆ ಹಾಳೆಯ ನಕಲನ್ನು ವಿನ್ನಿ ಕೇಳಿ ಪಡೆದಳು, ನಾನು ಓದಿ ಹೇಳಿದೆ. ಲಸಿಕೆಯ ಹೆಸರು, ತೊಡೆ ಯಾವುದು, ಸಮಯ ಎಲ್ಲ ಇದೆ. ಅದರ ಕೆಳಗೆ ಹೀಗಿದೆ: ‘ಎರಡು ತಿಂಗಳ ಲಸಿಕೆಯ ದಿನ ಈ ತಾಯಿಗೆ ಓದಲು ಬಾರದೆಂದು ತಿಳಿದೂ ನಾನು ಬರೀ ಕಾಗದ ಕೊಟ್ಟು ಕಳಿಸಿದೆ. ನಿರ್ಲಕ್ಷ್ಯ ನನ್ನದು, ತಾಯಿಯದಲ್ಲ. ಇಂದು ಆಕೆ ಮೊದಲ ಔಷಧಿಯನ್ನು ನನ್ನೆದುರು ಸರಿಯಾಗಿ ಕೊಟ್ಟಿದ್ದಾರೆ. ಉಳಿದೆರಡರ ಸಮಯವನ್ನು ಆಕೆಯ ಕೈಮೇಲೆ ನಾನೇ ಬರೆದಿದ್ದೇನೆ.’ ಅದರಡಿಯಲ್ಲಿ ಅವಳು ತನ್ನ ಪೂರ್ತಿ ಹೆಸರನ್ನು, ದಪ್ಪ ಅಕ್ಷರಗಳಲ್ಲಿ, ಯಾರಿಗೂ ಅನುಮಾನ ಬಾರದ ಹಾಗೆ ಬರೆದು ಸಹಿ ಹಾಕಿದಳು.