ಬಟ್ಟೆ ಹಿಂಡಿದ ನೀರು

ಅನುಸೂಯಕ್ಕ ತೀರಿಕೊಂಡು ಆರು ತಿಂಗಳಾದರೂ ನಸುಕಿನಲ್ಲಿ ಬಚ್ಚಲಿನ ಬಕೆಟ್ಟು ಸರಿದ ಸದ್ದು ಪಂಕಜಾಕ್ಷಿಗೆ ಕೇಳಿಸುತ್ತಲೇ ಇತ್ತು. ಗಂಡ ಸುಬ್ಬಯ್ಯನಿಗೆ ಕೇಳಿಸುತ್ತಿರಲಿಲ್ಲ. ಅಕ್ಕ ಬದುಕಿದ್ದಾಗಲೂ ಅವನಿಗದು ಕೇಳಿಸಿದ್ದಿಲ್ಲ.

ಎಲ್ಲರೂ ಅಕ್ಕ ಎನ್ನುತ್ತಿದ್ದರೂ ಅವಳು ಸುಬ್ಬಯ್ಯನ ಸೋದರತ್ತೆ. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು, ಕುಂದಾಪುರದಿಂದ ಅಣ್ಣನ ಹಿಂದೆ ಪುಣೆಗೆ ಬಂದವಳು. ಸ್ವಾರಗೇಟಿನಲ್ಲಿ ಅವನಿಟ್ಟ ಹೋಟೆಲಿಗೆ ಐವತ್ತು ವರ್ಷ ಹಿಟ್ಟು ರುಬ್ಬಿದಳು; ಮೇಜು ಒರೆಸುವ ಬಟ್ಟೆಗಳನ್ನು ಧನಕವಡಿಯ ಮನೆಗೆ ತರಿಸಿಕೊಂಡು ಒಗೆದು ಹಿಂಡಿದಳು. ಬೆರಳುಗಳು ಶುಂಠಿಯಂತೆ ಗಂಟುಗಟ್ಟಿದ್ದವು. ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಪಂಕಜಾಕ್ಷಿಗೆ ಆ ಮನೆಯಲ್ಲಿ ಅವಳೊಬ್ಬಳೇ ಜೊತೆ.

ಮಹಾಲಯ ಅಮಾವಾಸ್ಯೆಯಂದು ವಿಜಯಪುರದ ಕಡೆಯ ಪುರೋಹಿತ ಅವಧೂತ ಭಟ್ಟರು ತರ್ಪಣ ಮಾಡಿಸುತ್ತಿದ್ದರು. ಸುಬ್ಬಯ್ಯ ಒಂದೊಂದು ಹೆಸರು ಹೇಳಿ ಹೆಬ್ಬೆರಳ ಸಂದಿಯಿಂದ ಎಳ್ಳುನೀರು ಬಿಡುತ್ತಿದ್ದ.

"ಮತ್ತ್ಯಾರರೆ ಉಳದಾರೇನ್ರಿ?"

"ಯಾರೂ ಇಲ್ಲ ಭಟ್ರೇ. ಬೇಗ ಮುಗ್ಸಿ, ಹೋಟ್ಲಿಗೆ ಹೋಗ್ಬೇಕು."

ಪಂಕಜಾಕ್ಷಿ ಅಡುಗೆಮನೆಯ ಬಾಗಿಲಿಗೆ ಬಂದಳು. "ಅಕ್ಕ?"

"ಮಕ್ಕಳಿಲ್ಲದವಳಲ್ವಾ ಮಾರಾಯ್ತಿ! ಕೊನೆಗೆ ಬಟ್ಟೆ ಹಿಂಡ್ಲಿಕ್ಕುಂಟಲ್ಲ, ಅದ್ರಲ್ಲೇ ಬಂತು."

ವಂಶದಲ್ಲಿ ಸಂತಾನವಿಲ್ಲದೆ ಸತ್ತವರಿಗೆಲ್ಲ ಒಟ್ಟಾಗಿ, ಹೆಸರೆತ್ತದೆ, ಒದ್ದೆ ಬಟ್ಟೆಯ ತುದಿ ಹಿಂಡಿ ಬಿಡುವ ನೀರು. ಮುಂದೆ ತನ್ನ ಪಾಲಿಗೂ ಅಷ್ಟೇ ಎಂದು ಪಂಕಜಾಕ್ಷಿಗೆ ಹೊಳೆಯಿತು.

"ಭಟ್ರೇ, ತರ್ಪಣ ಅಂದ್ರೆ ಎಂತ?"

"ತೃಪ್ತಿಪಡಿಸೋದ್ರಿ, ಅಮ್ಮಾರ."

"ಐವತ್ತು ವರ್ಷ ನಮ್ಮ ಬಟ್ಟೆ ಹಿಂಡಿದವಳಿಗೆ ಬಟ್ಟೆ ಹಿಂಡಿದ ನೀರಲ್ಲಿ ತೃಪ್ತಿ ಆಗ್ತದಾ?"

ಭಟ್ಟರು ದರ್ಭೆ ಸರಿಪಡಿಸಿಕೊಂಡರು. "ಹೆಸರ ಹೇಳಿದ್ರ ಸ್ವಾದರತ್ತಿಗೂ ಬಿಡ್ಲಿಕ್ಕೆ ಬರ್ತದ್ರಿ. ಶಾಸ್ತ್ರದಾಗ ಅದ."

"ಇನ್ನು ಇವಳದ್ದೊಂದು ಶಾಸ್ತ್ರ! ಹೋಗಿ ಎಲೆ ಹಾಕು," ಎಂದು ಸುಬ್ಬಯ್ಯ ರೇಗಿದ.

ಪಂಕಜಾಕ್ಷಿ ಒಳಗೆ ಹೋಗಿ ಗ್ಯಾಸು ಆರಿಸಿ, ಬಂದು ಹೊಸ್ತಿಲ ಈಚೆ ನೆಲದ ಮೇಲೆ ಕುಳಿತಳು. "ಅವಳ ಹೆಸರು ಹೇಳಿ ನೀರು ಬಿಡಿ. ಅಲ್ಲೀವರೆಗೆ ಇವತ್ತು ಈ ಮನೇಲಿ ಎಲೆ ಬೀಳುದಿಲ್ಲ."

ಒಳಗೆ ಪಾಯಸದ ಕುದಿ ಅಡಗಿತು. ಭಟ್ಟರು ಎಳ್ಳಿನ ಬಟ್ಟಲನ್ನು ಸುಬ್ಬಯ್ಯನ ಕಡೆ ಸರಿಸಿದರು.

"ಅನ... ಅನುಸೂಯಾ," ಎಂದ ಸುಬ್ಬಯ್ಯ. ಹುಟ್ಟಿದಾಗಿನಿಂದ ಅವಳ ಕೈಯಡುಗೆ ಉಂಡವನಿಗೆ ಆ ಹೆಸರು ನಾಲಿಗೆಗೆ ಹೊಸದು. ಮೂರು ಸಲ ನೀರು ಬಿಟ್ಟ.

ಆಮೇಲೆ ಬಟ್ಟೆಯ ತುದಿ ಅದ್ದಿ ಹಿಂಡಿದ. ಹನಿಗಳು ತಟ್ಟೆಗೆ ಬೀಳುತ್ತಿದ್ದಂತೆ, ಹೆಸರಿಲ್ಲದವರು ಬಾಯಾರಿ ಬಾಗಿಲ ತುಂಬ ನಿಂತಿದ್ದಾರೆ ಎನಿಸಿತು ಪಂಕಜಾಕ್ಷಿಗೆ. ಅವಳು ಎದ್ದು, ಗೋಡೆಗೊರಗಿ, ಅವರಿಗೆ ದಾರಿ ಬಿಟ್ಟಳು.