ಒಂದೇ ಪುಟದಲ್ಲಿ ಇಬ್ಬರು ವಾರಗಿತ್ತಿಯರು

ಮಂಗಳವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ನನಗೊಂದು ನ್ಯೂಸ್‌ಲೆಟರ್ ಬರುತ್ತದೆ. ವೆಬ್‌ಸೈಟ್ ನಡೆಸುವವರಿಗೆ ವಾರದ ಸುದ್ದಿ: ಯಾವ ಸಾಫ್ಟ್‌ವೇರಿಗೆ ಹೊಸ ವರ್ಷನ್ ಬಂತು, ಯಾವುದು ನಿಂತುಹೋಯಿತು. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್‌ಗಳು ನೋಡಿದ್ದರೆ ‘ಗುಡ್ ಹೆವನ್ಸ್’ ಅನ್ನುತ್ತಿದ್ದರು. ಶ್ರೀರಂಗಪಟ್ಟಣದ ನಮ್ಮ ಜಗಲಿಯಲ್ಲಿ ಕೂತು ಅದನ್ನು ಓದಿ, ಪಾಲಹಳ್ಳಿಯಲ್ಲಿದ್ದ ನನ್ನ ವಾರಗಿತ್ತಿಗೆ ಫೋನಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ.

ನಮ್ಮಿಬ್ಬರದೂ ಒಂದು ಅಡುಗೆಯ ಸೈಟ್. ದೇವಲಾಪುರದ ಕಡೆಯ ಹುಡುಗಿ ಅವಳು, ಮಾತಾಡಿದ ಹಾಗೇ ಬರೆಯುತ್ತಿದ್ದಳು. ಕೆಳಗೆ ನನ್ನ ಇಂಗ್ಲಿಷ್ ಅನುವಾದ. ತೊಂದರೆಯೆಂದರೆ, ಒಂದು ಪುಟದೊಳಗೆ ಒಂದು ಸಲಕ್ಕೆ ಒಬ್ಬರೇ. ಅವಳು ಒಳಗಿದ್ದರೆ ನನ್ನ ಪರದೆಯ ಮೇಲೆ ಅವಳ ಹೆಸರು ಬಂದು, ‘ಇವರು ಈಗ ಬರೆಯುತ್ತಿದ್ದಾರೆ’ ಎಂದು ತಡೆಯುತ್ತಿತ್ತು. ಕೆಳಗೆ ‘ಟೇಕ್ ಓವರ್’ ಬಟನ್. ಒತ್ತಿದರೆ ಅವಳು ಆಚೆ.

“ಒಂದೊಲೆ ಮುಂದೆ ಇಬ್ರು ಸೊಸೇರು ಕೂರಬಾರ್ದು ಅಂತಿದ್ರಲ್ಲ ನಮ್ಮತ್ತೆ, ಅವರೇ ಬಂದು ಇದ್ರೊಳಗೆ ಸೇರ್ಕಂಡವ್ರೆ ಕಣಕ್ಕ!”

ಇಬ್ಬರೂ ಒಟ್ಟಿಗೆ ಬರೆಯುವ ಸೌಕರ್ಯ ಬರುತ್ತದೆಂದು ನ್ಯೂಸ್‌ಲೆಟರ್ ಬಹಳ ದಿನದಿಂದ ಹೇಳುತ್ತಲೇ ಇತ್ತು.

“ನಮ್ ಸುದ್ದಿ ಬಂತೇನಕ್ಕ?”

“ಇಲ್ಲ ಕಣೇ, ಸ್ಟಿಲ್ ಟೆಸ್ಟಿಂಗ್.”

“ಮತ್ತಿನ್ನೇನೈತೆ?”

“ಇನ್ನು ಮೇಲೆ ಮೆಷೀನೇ ಪುಟ ಬರೆದುಕೊಡುತ್ತಂತೆ.”

“ಉಪ್ಸಾರು ಉಣ್ಣದ್ ಮೆಷೀನು ಏನ್ ಬರ್ದಾತು, ಬುಡಕ್ಕ.”

ಹೋದ ಬೇಸಿಗೆಯಲ್ಲಿ ಆ ಉಪ್ಸಾರಿನ ಪುಟವನ್ನೇ ಬರೆಯುತ್ತಿದ್ದವಳು ಎದೆ ಹಿಡಿದುಕೊಂಡು ಎದ್ದಳು. ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ನನಗಿಂತ ಎಷ್ಟೋ ಚಿಕ್ಕವಳು, ಪೂರ್ ಥಿಂಗ್.

ತಿಥಿ ಮುಗಿಸಿ ಬಂದು ಪುಟ ತೆರೆದೆ. ಅವಳ ಹೆಸರು. ‘ಇವರು ಈಗ ಬರೆಯುತ್ತಿದ್ದಾರೆ.’

ಮುದ್ದೆಯ ಕೈಯಲ್ಲಿ ಪದೇ ಪದೇ ಮುಟ್ಟಲಾಗದೆಂದು ಅವಳು ತನ್ನ ಟ್ಯಾಬಿನ ಪರದೆ ಆರದಂತೆ ಮಾಡಿಸಿಕೊಂಡಿದ್ದಳು. ಅಡುಗೆಮನೆಯ ಗೂಡಿನಲ್ಲಿ ಅದು ಹಾಗೇ ತೆರೆದಿತ್ತು. ಚಾರ್ಜರ್ ಕೀಳಲು ಅವಳ ಗಂಡನಿಗೆ, ನನ್ನ ಮೈದುನನಿಗೆ, ಕೈ ಬಂದಿರಲಿಲ್ಲ.

“ಪಿತೃಪಕ್ಷದ ಎಡೆ ಇಡೋ ಹೊತ್ಗೆ ಅವಳ ಕೊನೇ ಪುಟ ಆಚೆ ಬರ್ಲಿ ಅತ್ಗೆ,” ಎಂದ.

ಬರಲಿ ಎಂದು ನನಗೂ ಆಸೆ. ಆದರೆ ಅದಕ್ಕೆ ಆ ಬಟನ್ ಒತ್ತಿ ಅವಳನ್ನು ಹೊರಗೆ ಹಾಕಬೇಕಿತ್ತು. ಎಷ್ಟೋ ಸಲ ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು.

ಈ ಮಂಗಳವಾರ ನಮ್ಮ ಸುದ್ದಿ ಬಂತು. ಹೊಸ ವರ್ಷನ್ನಿನಲ್ಲಿ ಒಂದೇ ಪುಟವನ್ನು ಇಬ್ಬರೂ ಒಟ್ಟಿಗೆ ಬರೆಯಬಹುದು, ಯಾರು ಎಲ್ಲಿದ್ದಾರೆಂದು ಹೆಸರು ತೋರಿಸುತ್ತದೆ. ಅಭ್ಯಾಸಬಲ, ಫೋನ್ ಎತ್ತಿ ಅವಳ ನಂಬರ್ ಹುಡುಕಿದೆ. ಆಮೇಲೆ ಇಟ್ಟುಬಿಟ್ಟೆ.

ಸೈಟನ್ನು ಅಪ್‌ಡೇಟ್ ಮಾಡಿ, ಮೈದುನನಿಗೆ ಫೋನ್ ಮಾಡಿ, ಟ್ಯಾಬಿನಲ್ಲಿ ಪುಟವನ್ನು ರೀಲೋಡ್ ಮಾಡು ಅಂದೆ.

“ಅವಳು ಹೋಗ್ಬುಡಲ್ವಾ ಅತ್ಗೆ?”

“ಇಲ್ಲಪ್ಪ. ಮಾಡು.”

ಪರದೆಯ ಮೇಲೆ ನನ್ನ ಹೆಸರಿನ ಜೊತೆ ಅವಳ ಹೆಸರೂ ಬಂತು. ನಡುವೆ ಅವಳ ಕೊನೆಯ ಸಾಲು: ‘ಖಾರ ರುಬ್ಬೋವಾಗ ತಣ್ಣೀರು ಹುಯ್ಬ್ಯಾಡಿ, ಕಾಳು ಬೆಂದ ಕಟ್ಟೇ ಹುಯ್ರಿ, ಯಾಕಂದ್ರೆ’. ಅಷ್ಟೇ. ಯಾಕೆಂದು ನನಗೆ ಗೊತ್ತಿಲ್ಲ. ಆ ಸಾಲನ್ನು ಮುಟ್ಟದೆ, ಕೆಳಗೆ ನನ್ನ ಇಂಗ್ಲಿಷ್ ಸೇರಿಸತೊಡಗಿದೆ.

ಇದ್ದಕ್ಕಿದ್ದಂತೆ ಅವಳ ಹೆಸರು ಅಲುಗಿತು. ಮೇಲಿದ್ದದ್ದು ಇಳಿದು, ನಾನು ಬರೆಯುತ್ತಿದ್ದ ಸಾಲಿನ ಪಕ್ಕಕ್ಕೆ ಬಂದು ನಿಂತಿತು. ಫೋನ್ ಇನ್ನೂ ಕಿವಿಯಲ್ಲೇ ಇತ್ತು.

“ಯಾರು ಮುಟ್ಟಿದ್ದು?”

“ನಾನೇ ಅತ್ಗೆ. ಪರದೆ ಮೇಲೆ ಧೂಳಿತ್ತು, ಒರೆಸ್ದೆ. ಏನಾದ್ರೂ ಕೆಟ್ಟೋಯ್ತಾ?”

“ಇಲ್ಲ,” ಅಂದೆ. ಅವಳ ಹೆಸರಿನ ಪಕ್ಕದಲ್ಲೇ ನನ್ನ ಸಾಲು ಮುಗಿಸಿದೆ.

“ಇನ್ನೊಂದ್ಸಲ ಒರೆಸಪ್ಪ.”