ಕಂಟಿನ್ಯುಟಿ ಅಕ್ಕ ಎಳೆದ ಒಂದು ಗೆರೆ

ಮುಖಕ್ಕೆ ಬಣ್ಣ ಹಚ್ಚುವುದು ನನ್ನ ಕಸುಬು. ಮೂವತ್ತೊಂದು ವರ್ಷದಿಂದ ಕಂಡವರ ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಮುಚ್ಚಿ ಹೊಟ್ಟೆ ಹೊರೆದವನು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಹೆಂಗಸಿನ ಕತೆ ಹೇಳಲು ನಾನು ತಕ್ಕ ಮನುಷ್ಯನಲ್ಲ ಎಂದು ನನಗೇ ಗೊತ್ತು. ಆದರೆ ಹೇಳಬೇಕಾದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ, ಏನು ಮಾಡೋಣ.

ಅವಳನ್ನು ಇಡೀ ಯೂನಿಟ್ಟು ಕಂಟಿನ್ಯುಟಿ ಅಕ್ಕ ಎನ್ನುತ್ತದೆ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ನಾನೂ ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ದೊಡ್ಡವರಾಗಿ ಚೆನ್ನಾಗಿದ್ದೆವು. ಸಿನಿಮಾ ಎಂದರೆ ಒಂದೇ ದೃಶ್ಯವನ್ನು ಸೋಮವಾರ ಅರ್ಧ, ಶುಕ್ರವಾರ ಅರ್ಧ ತೆಗೆಯುವ ಕೆಲಸ. ಸೋಮವಾರ ಲೋಟದಲ್ಲಿ ಕಾಫಿ ಎಷ್ಟಿತ್ತು, ನಾಯಕಿಯ ಕೂದಲು ಕಿವಿಯ ಮುಂದಿತ್ತೋ ಹಿಂದಿತ್ತೋ, ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು, ಇದನ್ನೆಲ್ಲ ಬರೆದಿಟ್ಟು ಶುಕ್ರವಾರವೂ ಹಾಗೆಯೇ ಇದೆಯೇ ಎಂದು ನೋಡುವವರು ಒಬ್ಬರು ಬೇಕು. ಆ ಒಬ್ಬರು ಅವಳು. ಸರಿಯಾಗಿ ಮಾಡಿದರೆ ಅವಳು ಇದ್ದಳೆಂದೇ ಯಾರಿಗೂ ತಿಳಿಯುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರಿಗೂ ಅವಳ ನೆನಪಾಗುತ್ತದೆ.

ಅವಳ ಪುಸ್ತಕಕ್ಕೆ ಒಂದು ನಿಯಮವಿತ್ತು. ಪುಟ ಹರಿಯುವಂತಿಲ್ಲ. ತಪ್ಪಾದರೆ ಆ ಸಾಲಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿರುವುದು ಓದಲು ಬರಬೇಕು. ಪಕ್ಕದಲ್ಲಿ ಯಾರು ಹೇಳಿ ತಿದ್ದಿದ್ದು, ಯಾವಾಗ, ಯಾಕೆ ಎಂದು ಬರೆದು ತನ್ನ ಸಹಿ ಹಾಕಿ, ನಿರ್ದೇಶಕರ ಸಹಿಯನ್ನೂ ಹಾಕಿಸಬೇಕು. ಇದನ್ನು ಅವಳಿಗೆ ಕಲಿಸಿದವಳು ಅವಳ ತಾಯಿ. ಆಕೆ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದವಳು. ರೋಗಿಯ ಚಾರ್ಟಿನಲ್ಲಿ ತಪ್ಪು ಬರೆದದ್ದನ್ನು ಗೀಚಿ ಅಳಿಸಿದರೆ ಮುಂದಿನ ಪಾಳಿಯವರು ಆಳನ್ನೇ ಅಳಿಸಿಬಿಡುತ್ತಾರೆ ಎನ್ನುತ್ತಿದ್ದಳು.

ತಾಯಿ ಮಗಳು ಇಬ್ಬರೇ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇರುತ್ತಿದ್ದರು. ಮಗಳ ಪ್ರತಿ ಸಿನಿಮಾಕ್ಕೂ ತಾಯಿ ಹೋಗಿ ಕೊನೆಯವರೆಗೆ ಕೂತಿರುತ್ತಿದ್ದಳು. "ಇವಳ ಹೆಸರು ಬರೋ ಹೊತ್ತಿಗೆ ಕಸ ಗುಡಿಸೋರು ಬಂದಿರ್ತಾರೆ. ಅವರೂ ನಾನೂ ಸೇರಿ ಓದ್ತೀವಿ," ಎಂದು ನನಗೆ ಹೇಳುತ್ತಿದ್ದಳು. ಆಕೆಗೆ ಎಪ್ಪತ್ತೆಂಟು. 'ನಿರ್ದೇಶನ' ಎಂಬ ಪದದ ಕೆಳಗೆ ಮಗಳ ಹೆಸರನ್ನು ಒಮ್ಮೆ ನೋಡಬೇಕು ಎಂಬುದು ಆಕೆಯ ಆಸೆ, ಮಗಳದ್ದು ಅದಕ್ಕಿಂತ ಹತ್ತು ಪಟ್ಟು.

ಹತ್ತೊಂಬತ್ತು ವರ್ಷದ ಹಿಂದೆ ಅವಳೂ ನಮ್ಮ ಡೈರೆಕ್ಟರೂ ಒಂದೇ ದಿನ ಸಹಾಯಕರಾಗಿ ಸೇರಿದವರು. ಒಂದು ಲೋಟ ಚಹಾವನ್ನು ಇಬ್ಬರೂ ಕುಡಿಯುತ್ತಿದ್ದ ಕಾಲ ನನಗೆ ನೆನಪಿದೆ. ಅವನ ಮೊದಲ ಚಿತ್ರಕತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವಳು ಬರೆದದ್ದು. ಚಿತ್ರ ಗೆದ್ದಿತು, ಅವನು ನಿರ್ಮಾಪಕರ ಮಗಳನ್ನು ಮದುವೆಯಾದ. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಮದುವೆಯ ವಿಡಿಯೋ ನೋಡಿ, "ವರನ ಕೋಟಿನ ಹೂವು ಎರಡನೇ ಶಾಟ್‌ನಲ್ಲಿ ಬಲಕ್ಕೆ ಹೋಗಿದೆ," ಎಂದಷ್ಟೇ ಹೇಳಿದಳು. ಅಲ್ಲಿಂದ ಪ್ರತಿ ಸಿನಿಮಾ ಮುಗಿದಾಗಲೂ ಅವನು, "ಮುಂದಿನದು ನಿಂದೇ, ನಾನು ಮಾವನ ಹತ್ರ ಮಾತಾಡ್ತೀನಿ," ಎಂದು ಮೂಗಿಗೆ ತುಪ್ಪ ಸವರುತ್ತ ಬಂದ. ಅವಳು ಆ ವಾಸನೆಯಲ್ಲೇ ಇಷ್ಟು ವರ್ಷ ಕಳೆದಳು.

ಈ ಸಲದ ಸಿನಿಮಾ ಒಂದು ಆಫೀಸಿನ ಕತೆ. ಮೇಲಧಿಕಾರಿ, ಅವನ ಕೈಕೆಳಗಿನ ಹುಡುಗಿ, ಪ್ರೀತಿ, ಬಡ್ತಿ, ಆಮೇಲೆ ದೂರು. ಹೆಣ್ಣಿನ ಮರ್ಯಾದೆಯ ಬಗ್ಗೆ ಡೈರೆಕ್ಟರು ಎಲ್ಲಿ ಮೈಕು ಸಿಕ್ಕರೂ ಮಾತಾಡುತ್ತಿದ್ದ. ಕಲಾ ವಿಭಾಗದವರು ಗೋಡೆಗೆ 'ಕಿರುಕುಳವೇ? ಇಲ್ಲಿಗೆ ಕರೆ ಮಾಡಿ' ಎಂಬ ಚೆಂದದ ಪೋಸ್ಟರ್ ಮಾಡಿ ಅಂಟಿಸಿದ್ದರು. ನಮ್ಮ ಯೂನಿಟ್ಟಿಗೆ ಅಂಥದ್ದು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನಾಯಕಿ ಹೊಸ ಹುಡುಗಿ. ಬ್ಯಾಂಕಿನಲ್ಲಿ ಗ್ರಾಹಕರ ಫೋನ್ ಎತ್ತುವ ಕೆಲಸ ಬಿಟ್ಟು ಬಂದವಳು. ಮೇಲೆ ಬರಬೇಕೆಂಬ ಆಸೆಯನ್ನು ಮುಚ್ಚಿಡುತ್ತಿರಲಿಲ್ಲ. ಡೈರೆಕ್ಟರ ಜೋಕಿಗೆ ನಗುತ್ತಿದ್ದಳು, ಎರಡು ಸಲ ಅವನ ಜೊತೆ ಕಾಫಿಗೂ ಹೋಗಿದ್ದಳು. ಅಷ್ಟು ಸಾಕಲ್ಲ ನಮ್ಮವರಿಗೆ. ಲೈಟ್ ಎತ್ತುವವರಿಂದ ಹಿಡಿದು ಊಟ ಬಡಿಸುವವರವರೆಗೆ ಇಬ್ಬರಿಗೂ ಮಾತಿನಲ್ಲೇ ಸಂಬಂಧ ಕಟ್ಟಿ ಮುಗಿಸಿದ್ದರು. ನಾನೂ ನಕ್ಕವನೇ.

ನಲವತ್ತೆರಡನೇ ದೃಶ್ಯ. ಫೈಲುಗಳ ಕೋಣೆಯಲ್ಲಿ ಮೇಲಧಿಕಾರಿ ಹುಡುಗಿಯ ಕೈ ಹಿಡಿದು ನಿಲ್ಲಿಸುತ್ತಾನೆ. ಆ ಖಳನ ಪಾತ್ರ ಮಾಡಿದವರು ದೇವರಂಥ ಮನುಷ್ಯ. ಪ್ರತಿ ಟೇಕಿಗೂ ಮೊದಲು, "ಅಮ್ಮಾ, ಈಗ ಕೈ ಹಿಡೀತೀನಿ, ಆಗಬಹುದಾ?" ಎಂದು ಕೇಳುತ್ತಿದ್ದರು. ಐದು ಟೇಕ್ ಆಯಿತು. ಡೈರೆಕ್ಟರಿಗೆ ಭಯ ಸಾಲಲಿಲ್ಲ. "ಊಟಕ್ಕೆ ಬಿಡಿ," ಎಂದವನು ಹುಡುಗಿಗೆ, "ಬಾ, ಹೇಗೆ ಅಂತ ನಾನು ತೋರಿಸ್ತೀನಿ," ಎಂದು ಮೇಕಪ್ ರೂಮಿಗೆ ಕರೆದುಕೊಂಡು ಹೋದ. ನನಗೆ, "ನೀವು ಊಟ ಮಾಡ್ಕೊಂಡು ಬನ್ನಿ," ಎಂದ. ನನ್ನ ರೂಮು, ನನ್ನ ಕುರ್ಚಿ; ನಾನು ಎದ್ದು ಹೋಗಿ ಊಟ ಮಾಡಿದೆ.

ವಾಪಸು ಬಂದಾಗ ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಎಡಗೈ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಮೂಡಿತ್ತು. ವಸ್ತ್ರದ ವಿಭಾಗದ ಹೆಂಗಸು ಅವಳ ಷರ್ಟಿನ ಎರಡನೇ ಗುಂಡಿಯನ್ನು ಸಿಕ್ಕಿದ ನೀಲಿ ದಾರದಲ್ಲೇ ಹೊಲಿದು ಹೋಗಿದ್ದಳು. ನಾನು ಒಂದು ಮಾತೂ ಆಡದೆ ಮಣಿಕಟ್ಟಿಗೆ ಎರಡು ಪದರ ಬಣ್ಣ ಹಚ್ಚಿದೆ. ಬಾಗಿಲಲ್ಲಿ ಅಕ್ಕ ನಿಂತು ತನ್ನ ಪುಸ್ತಕದಲ್ಲಿ ಬರೆಯುತ್ತಿದ್ದಳು. ಆರನೇ ಟೇಕು ಓಕೆ ಆಯಿತು. "ನೋಡಿ, ಈಗ ಬಂತು ಭಯ," ಎಂದ ಡೈರೆಕ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕು ದಿನ ಬಿಟ್ಟು ಹುಡುಗಿ ದೂರು ಕೊಡಲು ಹೊರಟಳು. ಯಾರಿಗೆ ಕೊಡಬೇಕೆಂದು ತಿಳಿಯದೆ ಪಾಪ, ಗೋಡೆಯ ಪೋಸ್ಟರಿನಲ್ಲಿದ್ದ ನಂಬರಿಗೇ ಫೋನ್ ಮಾಡಿದಳು. ಅದು ಹತ್ತಡಿ ದೂರದಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಕಲಾ ವಿಭಾಗದವನ ಜೇಬಿನಲ್ಲಿ ರಿಂಗಾಯಿತು. ಬಾಯಿಗೆ ಬಂದ ನಂಬರ್ ಬರಿ ಎಂದಿದ್ದರಂತೆ, ಅವನಿಗೆ ಬಾಯಿಗೆ ಬಂದದ್ದು ತನ್ನದೇ ನಂಬರು. ಆದರೂ ಅವನು ಮರ್ಯಾದಸ್ಥ, ಎಲ್ಲವನ್ನೂ ಕೇಳಿಸಿಕೊಂಡು ನಿರ್ಮಾಪಕರಿಗೆ ಹೋಗಿ ಹೇಳಿದ. ಅಳಿಯನ ಮೇಲಿನ ದೂರನ್ನು ನಿರ್ಮಾಪಕರು ಮಡಚಿ ಇಟ್ಟುಬಿಡುತ್ತಿದ್ದರೋ ಏನೋ. ಆದರೆ ಚಿತ್ರವನ್ನು ಕಳಿಸಬೇಕೆಂದಿದ್ದ ಚಿತ್ರೋತ್ಸವದವರು, ನಿಮ್ಮಲ್ಲಿ ದೂರು ಸಮಿತಿ ಇದೆಯೇ ಎಂದು ಕೇಳಿ ಪತ್ರ ಹಾಕಿದ್ದರು. ಹಾಗಾಗಿ ಹೊರಗಿನಿಂದ ಒಬ್ಬ ವಕೀಲಮ್ಮನನ್ನು ಕರೆಸಿ ಸಮಿತಿ ಮಾಡಿದರು. ಆಕೆ ಹೆಸರಿಗೆ ಬಂದು ಸಹಿ ಹಾಕಿ ಹೋಗುವವಳಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ದಿನವೇ ಕಂಟಿನ್ಯುಟಿ ಪುಸ್ತಕ ತನ್ನಿ ಎಂದಳು.

ಭಾನುವಾರ ಬೆಳಗ್ಗೆ ಡೈರೆಕ್ಟರು ಅಕ್ಕನ ಮನೆಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ, ನನ್ನ ಮಾತು ಅವಳು ಕೇಳುತ್ತಾಳೆಂದು. ಮೇಜಿನ ಮೇಲೆ ಕಾಗದ ಇಟ್ಟ. ಅಕ್ಕನ ಸಿನಿಮಾದ ಕರಾರು, ಕತೆ ಅವಳದ್ದು, ನಿರ್ದೇಶನ ಅವಳದ್ದು, ಎರಡು ತಿಂಗಳಲ್ಲಿ ಶುರು. ಮಾವನ ಸಹಿ ಆಗಿತ್ತು. ಅಕ್ಕ ಎರಡು ಸಲ ಓದಿದಳು.

"ತಾರೀಕು ತಪ್ಪಿದೆ. ಮೂವತ್ತೊಂದು ಅಂತ ಇದೆ, ಆ ತಿಂಗಳಿಗೆ ಮೂವತ್ತೇ ದಿನ," ಎಂದಳು. ಕಾಗದವನ್ನು ಮಾತ್ರ ಕೆಳಗಿಡಲಿಲ್ಲ.

"ತಿದ್ದಿಸ್ತೀನಿ ಮಾರಾಯ್ತಿ. ನೀನೂ ಒಂದು ತಿದ್ದಬೇಕು," ಎಂದ ಅವನು. "ನಲವತ್ತೆರಡರ ಪುಟ. ಅವಳೂ ನಾನೂ ಇಷ್ಟಪಟ್ಟೇ ಇದ್ವಿ. ಈಗ ಯಾರೋ ತಲೆ ಕೆಡಿಸಿದಾರೆ. ನಿನಗೆ ನಾನು ಗೊತ್ತಿಲ್ವಾ?"

"ಗೊತ್ತು," ಎಂದಳು ಅಕ್ಕ.

ತಾಯಿ ಒಳಗಿನಿಂದ ಚಹಾ ತಂದಿಟ್ಟಳು. ಕಾಗದದ ಮೇಲೆ 'ನಿರ್ದೇಶನ' ಎಂಬಲ್ಲಿ ಮಗಳ ಹೆಸರು ಕಂಡು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಅದನ್ನು ನೋಡಿಯೂ ನಾನು ಬಾಯಿ ತೆರೆದೆ.

"ಅಕ್ಕಾ, ಒಂದು ಪುಟ ತಾನೇ. ಹತ್ತೊಂಬತ್ತು ವರ್ಷ ಕಾದಿದೀಯ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ತಂದು ಪೆನ್ನು ತೆಗೆದು, "ಹೇಳು, ಏನು ಬರೀಬೇಕು?" ಎಂದಳು.

"ಕಪಾಟಿನ ಬಾಗಿಲು ತಗುಲಿ ಕೈಗೆ ಗಾಯ ಅಂತ ಬರಿ, ಸಾಕು."

ಅವಳು ಬರೆದಳು. ಅವನು ಅಷ್ಟರಲ್ಲಿ ಮಾವನಿಗೆ ಫೋನ್ ಹಚ್ಚಿ, ಎಲ್ಲ ಸರಿಹೋಯಿತು ಎನ್ನುತ್ತಿದ್ದ. ಅಕ್ಕ ಪುಸ್ತಕವನ್ನು ಅವನ ಮುಂದೆ ತಿರುಗಿಸಿ ಬೆರಳಿಟ್ಟು, "ಇಲ್ಲೊಂದು ಸಹಿ," ಎಂದಳು. ಮೊದಲ ಸಿನಿಮಾದಿಂದಲೂ ಅವಳು ಬೆರಳಿಟ್ಟಲ್ಲಿ ಓದದೆ ಸಹಿ ಹಾಕಿ ರೂಢಿಯಾದವನು, ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ಆ ದಿನವೂ ಹಾಕಿದ.

ವಿಚಾರಣೆಗೆ ಬೇರೆ ಕೋಣೆ ಸಿಗದೆ ನಮ್ಮ ಸೆಟ್ಟಿನ ಆಫೀಸಿನಲ್ಲೇ ಕೂರಿಸಿದರು. ಕಿಟಕಿಯಾಚೆಗಿನ ಊರು ಬಟ್ಟೆಯ ಮೇಲೆ ಬರೆದದ್ದು, ನೆತ್ತಿಯ ಮೇಲೆ ಅದೇ ಪೋಸ್ಟರು. ಒಂದು ಕಡೆ ಹುಡುಗಿ, ಇನ್ನೊಂದು ಕಡೆ ಡೈರೆಕ್ಟರು, ಗೋಡೆಯ ಪಕ್ಕ ಅಕ್ಕ ಮತ್ತು ನಾನು. ವಕೀಲಮ್ಮ ಪುಟ ತೆಗೆದು ಜೋರಾಗಿ ಓದಿದಳು.

"'ಮಧ್ಯಾಹ್ನ ಒಂದು ಹತ್ತರಿಂದ ಒಂದು ಐವತ್ತು, ನಿರ್ದೇಶಕರು ಮತ್ತು ನಾಯಕಿ ಮೇಕಪ್ ರೂಮಿನಲ್ಲಿ ರಿಹರ್ಸಲ್, ಬಾಗಿಲು ಹಾಕಿತ್ತು. ಎಡ ಮಣಿಕಟ್ಟಿನಲ್ಲಿ ನಾಲ್ಕು ಬೆರಳ ಗುರುತು, ಬೆಳಗ್ಗೆ ಇರಲಿಲ್ಲ. ಎರಡನೇ ಗುಂಡಿಗೆ ನೀಲಿ ದಾರ, ಬೆಳಗ್ಗೆ ಬಿಳಿ.' ಇದರ ಮೇಲೆ ಒಂದು ಗೆರೆ ಎಳೆದಿದೆ. ಮೇಲ್ಗಡೆ 'ಕಪಾಟಿನ ಬಾಗಿಲು ತಗುಲಿದ ಗಾಯ' ಅಂತಿದೆ. ಪಕ್ಕದಲ್ಲಿ, 'ನಿರ್ದೇಶಕರ ಹೇಳಿಕೆಯಂತೆ ತಿದ್ದಿದೆ. ಭಾನುವಾರ ಬೆಳಗ್ಗೆ ಹನ್ನೊಂದು ಇಪ್ಪತ್ತು, ನಮ್ಮ ಮನೆಯಲ್ಲಿ. ಕಾರಣ: ಸಮಿತಿ ವಿಚಾರಣೆ.' ಕೆಳಗೆ ಎರಡು ಸಹಿ. ಒಂದು ನಿಮ್ಮದೇ ಅಲ್ವಾ ಸಾರ್?"

ಡೈರೆಕ್ಟರ ಮುಖಕ್ಕೆ ಆ ಹೊತ್ತು ನನ್ನ ಪೆಟ್ಟಿಗೆಯಲ್ಲಿದ್ದ ಬಣ್ಣವೆಲ್ಲ ಹಚ್ಚಿದ್ದರೂ ಸಾಲುತ್ತಿರಲಿಲ್ಲ. "ಏನಿದು?" ಎಂದು ಅಕ್ಕನ ಕಡೆ ತಿರುಗಿದ.

"ತಿದ್ದು ಅಂದ್ರಿ ಸಾರ್, ತಿದ್ದಿದೆ. ನಾವು ಯಾವಾಗ್ಲೂ ಹೀಗೇ ತಾನೇ ತಿದ್ದೋದು," ಎಂದಳು ಅಕ್ಕ.

ಒಳಗೊಳಗೇ ನನಗೆ ನಗು ಬಂತು. ಬಂದ ನಗು ನಿಲ್ಲುವುದರೊಳಗೆ ವಕೀಲಮ್ಮ ಪುಟ ಮಗುಚಿದಳು. "ಇನ್ನೂ ಎರಡು ಸಾಲಿದೆ, ಇದನ್ನ ಯಾರೂ ತಿದ್ದಿಸಿಲ್ಲ. 'ಗುರುತು ಹೇಗಾಯಿತೆಂದು ಮೇಕಪ್‌ನವರು ಕೇಳಲಿಲ್ಲ. ನಾನೂ ಕೇಳಲಿಲ್ಲ.'"

ಆಕೆ ನನ್ನ ಕಡೆ ನೋಡಿ, "ನೀವು ಆ ಗುರುತು ನೋಡಿದ್ರಾ?" ಎಂದಳು.

"ನೋಡಿದೆ ಮೇಡಂ. ಏನೂ ಕೇಳಲಿಲ್ಲ, ಏನೂ ಮಾತಾಡಲಿಲ್ಲ."

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಹುಡುಗಿ ತಲೆಯೆತ್ತಿದಳು. ದನಿ ಎತ್ತರಿಸಲಿಲ್ಲ. "ಮಾತಾಡಿದ್ರಿ ಅಂಕಲ್. ಕೈ ಅಲ್ಲಾಡಿಸಬೇಡಮ್ಮ, ಬಣ್ಣ ಕೂರಲ್ಲ ಅಂದ್ರಿ."

ಅಂದಿದ್ದೆ. ಹೌದು ಎಂದು ತಲೆಯಾಡಿಸಿದೆ. ನನ್ನ ಮಗಳಿಗೂ ಅವಳಷ್ಟೇ ವಯಸ್ಸು. ಅಂಥ ನಾಚಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಡೈರೆಕ್ಟರನ್ನು ತೆಗೆದರು. ಮಾವ ಮೊದಲು ಅಳಿಯನ ಹೆಸರು ತೆಗೆದ, ಎರಡನೆಯದಾಗಿ ಅಕ್ಕನ ಕರಾರು ತೆಗೆದ. ತಾರೀಕು ತಪ್ಪಿರುವ ಕರಾರು ಊರ್ಜಿತವಲ್ಲ ಎಂದು ಪತ್ರ ಬಂತು, ಆ ತಪ್ಪನ್ನು ಹುಡುಕಿಕೊಟ್ಟವಳೂ ಅವಳೇ. ಬೇರೆ ಯಾರೋ ಬಂದು ಚಿತ್ರ ಮುಗಿಸಿದರು. ಆರನೇ ಟೇಕ್ ಹಾಕಬೇಡಿ ಎಂದು ಹುಡುಗಿ ಕೇಳಿಕೊಂಡಳು. ಇಡೀ ಸಿನಿಮಾಕ್ಕೆ ಅದೇ ಒಳ್ಳೆಯ ಟೇಕು ಎಂದು ಎಡಿಟರು ಹಟ ಹಿಡಿದ. ಅಕ್ಕ ಪುಸ್ತಕ ತೆಗೆದುಕೊಂಡು ಹೋಗಿ, "ಬಳಸೋ ಹಾಗಿಲ್ಲ. ಗುಂಡಿ ದಾರ ಮ್ಯಾಚ್ ಆಗಲ್ಲ, ಕಂಟಿನ್ಯುಟಿ ತಪ್ಪು," ಎಂದಳು. ಕಾಳಿನಷ್ಟು ನೀಲಿ ದಾರ, ಯಾವ ಪ್ರೇಕ್ಷಕನೂ ನೋಡುವಂಥದ್ದಲ್ಲ. ಅವಳು ಜಗ್ಗಲಿಲ್ಲ, ಮೂರನೇ ಟೇಕ್ ಹಾಕಿದರು.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ಈಗ ಸೋಪಿನ ಜಾಹೀರಾತುಗಳಿಗೆ ನೊರೆಯ ಎತ್ತರ ಬರೆದುಕೊಳ್ಳುವ ಕೆಲಸ ಮಾಡುತ್ತಾಳೆ. "ಅಕ್ಕಾ, ನಿಜ ಹೇಳು. ಅವತ್ತು ಬೇಕಂತಲೇ ಹಾಗೆ ಬರೆದ್ಯಾ?" ಎಂದು ಕೇಳಿದೆ.

"ಇಲ್ಲ ಅಣ್ಣ. ಆ ಸಿನಿಮಾ ನನಗೆ ಬೇಕಿತ್ತು. ಸುಳ್ಳು ಬರೆಯೋಕೆ ಒಪ್ಪಿಯೇ ಕೂತಿದ್ದೆ. ಕೈಗೆ ಬೇರೆ ಥರ ಬರೆಯೋಕೆ ಬರಲಿಲ್ಲ," ಎಂದವಳು ಅತ್ತುಬಿಟ್ಟಳು. ತಾಯಿ ಅವಳ ಬೆನ್ನು ಸವರುತ್ತ, "ಇರಲಿ ಬಿಡು, ಕಸ ಗುಡಿಸೋರ ಜೊತೆ ಓದಿ ನನಗೂ ಅಭ್ಯಾಸ ಆಗಿದೆ," ಎಂದಳು.

ಮನೆಗೆ ಬಂದು ಇದನ್ನು ಬರೆಯಲು ಕೂತೆ. 'ನಾನು ಒಂದು ಮಾತೂ ಆಡದೆ' ಎಂದು ಮೇಲೆ ಬರೆದಿದ್ದೇನೆ, ನೀವು ಓದಿದ್ದೀರಿ. ಸಮಿತಿಯ ಮುಂದೆ ಸಿಕ್ಕಿಬಿದ್ದ ಮೇಲೂ ನನ್ನ ಕೈ ಅದನ್ನೇ ಬರೆಯಿತು. ಹಾಳೆ ಹರಿದು ಹೊಸದು ಬರೆಯಬಹುದಿತ್ತು, ಬೇಡವೆನಿಸಿತು. ಆ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಕೈ ಅಲ್ಲಾಡಿಸಬೇಡಮ್ಮ, ಬಣ್ಣ ಕೂರಲ್ಲ ಅಂದೆ' ಎಂದು ಬರೆದು ಸಹಿ ಹಾಕಿದ್ದೇನೆ. ಕೆಳಗಿರುವುದು ಓದಲು ಬರುತ್ತದೆ.